ಗುಲಾಬಿ ಎಣ್ಣೆಯ ಮೇಡಂ

ಶಂಕರಪುರಂನ ಕೋಮಳವಲ್ಲಿ ಮೇಡಂ ಕೂತಲ್ಲಿ ಕೂರುವವರಲ್ಲ. ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು; ಈಗ ಗುಲಾಬಿ ಎಣ್ಣೆಯ ಪುಟ್ಟ ಸೀಸೆ ಹಿಡಿದು ಕಂಡಕಂಡವರನ್ನು ನಿಲ್ಲಿಸಿ, "ಇದ್ರಲ್ಲಿ ಸಿಟ್ರೊನೆಲ್ಲೋಲ್ ಇದೆ, ಜೆರಾನಿಯೋಲ್ ಇದೆ, ಇನ್ನೂ ನೂರಾರು ರಾಸಾಯನಿಕ ಇದೆ. ಮನಸ್ಸಿಗೆ ನೆಮ್ಮದಿ ಕೊಡತ್ತಂತೆ, ಪೂರ್ತಿ ಸಾಬೀತಾಗಿಲ್ಲ. ಮೂಸಿ, ಹೇಗಿದೆ ಹೇಳಿ!" ಎನ್ನುತ್ತಾರೆ. ಹೂವಿನವಳು, ಪೋಸ್ಟ್‌ಮನ್, ಅವಸರದಲ್ಲಿದ್ದ ಪುರೋಹಿತರು, ಎಲ್ಲರೂ ಮೂಸಿದ್ದಾರೆ. ಜ್ವರ ಬಂದು ಹೋದ ಮೇಲೆ ಮೇಡಂಗೇ ಯಾವ ವಾಸನೆಯೂ ತಿಳಿಯದೆ ಎರಡು ವರ್ಷವಾಯಿತೆಂದು ಗೊತ್ತಿರುವುದು ಮಗಳು ಮಧುರಾಗೆ ಮಾತ್ರ. "ದಿನಾ ಮೂಸ್ತಾ ಇರಿ, ವಾಪಸ್ ಬರಬಹುದು," ಎಂದಿದ್ದರು ಡಾಕ್ಟರು. ಮೊನ್ನೆ ಬೆಳಿಗ್ಗೆ ಸೀಸೆಯನ್ನು ಮೂಗಿಗೆ ಹಿಡಿದವರು ಅಡುಗೆಮನೆಯತ್ತ ತಿರುಗಿ, "ಮಧುರಾ, ಹಾಲು ತಳ ಹಿಡಿದಿದೆ ಕಣೇ, ವಾಸನೆ ಬರ್ತಿದೆ!" ಎಂದು ಕೂಗಿದರು. ಒಲೆ ಆರಿಸುವುದನ್ನೂ ಮರೆತು ಮಧುರಾ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು.