ಬೇವಿನ ಮರಕ್ಕೆ ಅಮ್ಮ ಬಂದಾಗ

ಅತ್ತೆಯನ್ನು ಹೊಗಳುವ ಸೊಸೆಯನ್ನು ಜನ ಅನುಮಾನದಿಂದ ನೋಡುತ್ತಾರೆ. ನೋಡಿಕೊಳ್ಳಲಿ. ನಮ್ಮತ್ತೆ ಒಂದು ಬೇವಿನ ಮರಕ್ಕಾಗಿ ಏನೆಲ್ಲ ಮಾಡಿದರು ಎಂಬುದನ್ನು ಹತ್ತಿರದಿಂದ ಕಂಡವಳು ನಾನು.

ಅವರಿರುವುದು ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ, ನಾವು ತುಮಕೂರಿನಲ್ಲಿ. ಮನೆಯ ಎದುರಿಗೇ ಮಾರಮ್ಮನ ಗುಡಿ, ಗುಡಿಯ ಮುಂದೆ ಆ ಮರ. ಹಲ್ಲುಜ್ಜುವ ಕಡ್ಡಿಯಿಂದ ಹಿಡಿದು ಯುಗಾದಿಯ ಹೂವಿನವರೆಗೆ ಊರಿಗೆಲ್ಲ ಅದೇ ಬೇಕು. ಸಂಜೆ ಗುಡಿಗೆ ದೀಪ ಹಚ್ಚುವುದು ಅತ್ತೆಯ ಕೆಲಸ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮರದ ಕೊಂಬೆಗಳ ತುದಿಯೆಲ್ಲ ಬೆಂಕಿ ತಾಗಿದಂತೆ ಕಂದಿ ಒಣಗಿತು. ತುಮಕೂರಿನಿಂದ ಕುಣಿಗಲ್ ಕಡೆ ಹೋಗುವ ಬಸ್ಸಿನಲ್ಲಿ ಕೂತರೂ ದಾರಿಯ ಬೇವಿನ ಮರಗಳ ನೆತ್ತಿ ಹೀಗೇ ಕಾಣುತ್ತಿತ್ತು. ಅತ್ತೆ ಮಾತ್ರ ತಮ್ಮ ಮರದ ಚಿಂತೆಯಲ್ಲಿ ಊಟ ಬಿಟ್ಟರು.

ನಾನು ಊರಿಗೆ ಹೋಗಿದ್ದಾಗಲೇ ತೋಟಗಾರಿಕೆ ಇಲಾಖೆಯಿಂದ ಒಬ್ಬ ಹುಡುಗಿ ಬಂದು ನೋಡಿದಳು. ಇದು ಶಿಲೀಂಧ್ರದ ರೋಗ, ಒಣಗಿದ ತುದಿಗಳನ್ನು ಕತ್ತರಿಸಿ ಅಲ್ಲೇ ಸುಡಬೇಕು, ಔಷಧಿ ಹೊಡೆಯಬೇಕು, ಸೊಪ್ಪು ಕಡ್ಡಿ ಎಲ್ಲಿಗೂ ಒಯ್ಯಬಾರದು, ಇಲ್ಲದಿದ್ದರೆ ಹೊಲದ ಬದುಗಳಲ್ಲಿರುವ ಬೇವಿಗೆಲ್ಲ ಹರಡುತ್ತದೆ ಎಂದು ಬಿಡಿಸಿ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ಅವಳ ಸ್ಕೂಟರ್ ತಿರುವು ದಾಟುತ್ತಲೇ ಗುಡಿಯ ಪೂಜಾರಪ್ಪ ತೀರ್ಪು ಕೊಟ್ಟರು.

“ಮರಕ್ಕೆ ಅಮ್ಮ ಬಂದವ್ಳೆ. ಕತ್ತಿ ಗಿತ್ತಿ ಹಿಡ್ಕೊಂಡು ಹತ್ರ ಬಂದೀರಾ, ಜೋಕೆ!”

ಮೈಮೇಲೆ ಗುಳ್ಳೆ ಎದ್ದರೆ ರೋಗ ಎನ್ನದೆ ‘ಅಮ್ಮ ಬಂದಿದ್ದಾಳೆ’ ಎನ್ನುವ ಜನ ನಾವು. ಈಗ ಮರಕ್ಕೂ ಬಂದಳು. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. “ನಾಲ್ಕು ಆಳು ಕರೆಸಿ ಕಡಿಸಿಬಿಡಿ ಅತ್ತೆ, ಇವರನ್ನೇನು ಕೇಳೋದು” ಎಂದು ಕೂಗಾಡಿದೆ.

ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. “ಕೂಗ್ಬೇಡ ಕಣಮ್ಮ. ಅಮ್ಮ ಬಂದವ್ಳೆ ಅಂದ್ರೆ ಒಳ್ಳೇದೇ ಆಯ್ತಲ್ಲ” ಎಂದರು. ಅದರಲ್ಲಿ ಒಳ್ಳೆಯದೇನಿದೆಯೋ ನನಗೆ ತಿಳಿಯಲಿಲ್ಲ.

ಸಂಜೆ ದೀಪ ಹಚ್ಚಿದವರೇ ಗುಡಿಯ ಜಗಲಿಯ ಮೇಲೆ ಕೂತವರನ್ನು ಕೇಳಿದರು. “ಅಮ್ಮ ಬಂದಿರೋ ಮನೆಯಿಂದ ಯಾರಾದ್ರೂ ಒಂದ್ ಸಾಮಾನು ಆಚೆ ತಗೊಂಡೋಗ್ತೀರಾ?”

“ಎಲ್ಲಾದ್ರೂ ಉಂಟಾ ಅಕ್ಕಯ್ಯ?”

“ಹಂಗಾದ್ರೆ ಈ ಮರದ ಸೊಪ್ಪು ಕಡ್ಡಿ ಯಾರೂ ಮುಟ್ಬೇಡಿ. ಅಮ್ಮ ಇಳಿದು ನೀರು ಹಾಕಿದ್ಮೇಲೆ ಮಲಗಿದ್ದ ಹಾಸಿಗೆ ಬಟ್ಟೆ ಹಂಗೇ ಇಟ್ಕೋತೀರಾ?”

“ಇಲ್ಲ.”

“ಒಣಗಿರೋ ತುದಿ ಅದ್ರ ಹಾಸಿಗೆ ಬಟ್ಟೆ. ತೆಗ್ದು ಸುಡ್ಬೇಕು.”

ಪೂಜಾರಪ್ಪ ಔಷಧಿಗೆ ಮಾತ್ರ ಒಪ್ಪಲಿಲ್ಲ. ಅತ್ತೆ ಬಿಡಲಿಲ್ಲ. “ನಿನ್ ಮಗನಿಗೆ ಅಮ್ಮ ಬಂದಾಗ ಡಾಕ್ಟ್ರ ಹತ್ರ ಹೋಗ್ಲಿಲ್ವೇನಪ್ಪ? ಹೋದೆ, ಯಾರಿಗೂ ಹೇಳ್ಲಿಲ್ಲ ಅಷ್ಟೆ.”

ಜಗಲಿಯೆಲ್ಲ ನಕ್ಕಿತು. ಪೂಜಾರಪ್ಪ ನಗಲಿಲ್ಲ. “ಆಯ್ತು, ಮಾಡು. ಕೇಡು ಬಂದ್ರೆ ನಿನ್ ಮನೆ ಮೇಲೆ” ಎಂದರು. “ಬರ್ಲಿ ಬುಡು” ಎಂದು ಅತ್ತೆ ಎದ್ದು ಬಂದರು.

ನಾನು ಮೆಲ್ಲಗೆ ಕೇಳಿದೆ, “ಒಳ್ಳೆ ಉಪಾಯ ಅತ್ತೆ. ನಿಮಗೆ ಇದರಲ್ಲಿ ನಿಜವಾಗಿ ನಂಬಿಕೆ ಇದೆಯಾ?” ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ನಂಬ್ದೇ ದಿನಾ ದೀಪ ಹಚ್ತೀನಾ?” ನನ್ನ ಜಾಣತನ ಅಲ್ಲಿಗೆ ಮುಗಿಯಿತು.

ಬುಡಕ್ಕೆ ಅರಿಶಿನದ ನೀರು ಹಾಕಿ, ತಂಬಿಟ್ಟು ಇಟ್ಟು, ಆಮೇಲೆ ಕೊಂಬೆ ಕತ್ತರಿಸಿದರು. ಗುಡಿಯ ಪಕ್ಕ ಗುಂಡಿ ತೋಡಿ ಎಲ್ಲವನ್ನೂ ಸುಟ್ಟರು. ಇಲಾಖೆಯ ಹುಡುಗಿಯೇ ನಿಂತು ಔಷಧಿ ಹೊಡೆಸಿದಳು. ಮರ ಬೋಳಾಗಿ ನಿಂತಿತು. ಮುಂದೆ ಎಷ್ಟೋ ದಿನ ಒಂದು ಚಿಗುರೂ ಇಲ್ಲ. ಅತ್ತೆ ದೀಪ ಹಚ್ಚಲು ಹೋದಾಗ ಜಗಲಿಯ ಜನ ಮಾತು ನಿಲ್ಲಿಸುತ್ತಿದ್ದರಂತೆ.

ಅಷ್ಟರಲ್ಲಿ ತುಮಕೂರಿನಲ್ಲಿ ನನ್ನ ಮಗಳಿಗೆ ಜ್ವರ ಬಂತು. ಮಾರನೆಯ ದಿನ ಮೈತುಂಬ ಗುಳ್ಳೆ. ಡಾಕ್ಟರು ಚಿಕನ್‌ಪಾಕ್ಸ್ ಎಂದರು, ಔಷಧಿ ಬರೆದರು. ನನಗೆ ಮಗಳಿಗಿಂತ ಊರಿನ ಭಯ ಹೆಚ್ಚಾಯಿತು. ಅತ್ತೆಗೆ ಹೇಳುವುದೇ ಬೇಡ ಎಂದುಕೊಂಡೆವು. ಅಂಥ ಸುದ್ದಿ ಎಲ್ಲಿ ನಿಲ್ಲುತ್ತದೆ? ಊರಿಗೆ ತಲುಪಿತು. ಕತ್ತಿ ತಾಗಿಸಿದ್ದಕ್ಕೆ ಮರದ ಅಮ್ಮ ಮೊಮ್ಮಗಳ ಮೈಗೆ ಬಂದಳು ಎಂದರು.

ಅತ್ತೆ ಬೆಳಗಿನ ಬಸ್ಸಿಗೇ ಬಂದರು. ಚೀಲದಲ್ಲಿ ಎಳನೀರು, ಮೊಸರು, ಹಳೆಯ ಮೆತ್ತನೆಯ ಸೀರೆ. ಬೇವಿನ ಸೊಪ್ಪು ಇರಲಿಲ್ಲ. ಅಮ್ಮ ಬಂದ ಮಗುವಿಗೆ ಬೇವಿನ ಸೊಪ್ಪು ಹಾಸದೆ, ಆ ಸೊಪ್ಪಿನ ನೀರು ಹಾಕದೆ ಅವರು ಇರುವವರೇ ಅಲ್ಲ. ನಮ್ಮ ಬೀದಿಯ ಬೇವಿನ ಕೆಳಗೆ ಹೋಗಿ ಕತ್ತೆತ್ತಿ ನೋಡಿದರು. ಅದರ ತುದಿಯೂ ಒಣಗಿತ್ತು. “ಪಾಪ, ಇದ್ಕೂ” ಎಂದು ಬರಿಗೈಯಲ್ಲಿ ವಾಪಸು ಬಂದರು. ಮಗಳಿಗೆ ನೀರು ಹಾಕಿದ ದಿನ ಬರೀ ಅರಿಶಿನದ ನೀರು ಹುಯ್ಯುತ್ತಾ ಅಮ್ಮನಲ್ಲಿ ತಪ್ಪಾಯಿತೆಂದು ಬೇಡಿಕೊಂಡರು. ಅಂದು ಅವರ ಕಾಲಿಗೆ ಬೀಳಬೇಕು ಎನಿಸಿತ್ತು ನನಗೆ.

ಅವರನ್ನು ಊರಿಗೆ ಬಿಡಲು ನಾನೂ ಹೋದೆ. ಪೂಜಾರಪ್ಪ ಜಗಲಿಯ ಮೇಲೆ ಕಾಯುತ್ತಿದ್ದರು. “ಮೊಮ್ಮಗಳ ಮೈಗೂ ಸೊಪ್ಪು ಮುರೀಲಿಲ್ವಾ ಅಕ್ಕಯ್ಯ?”

“ಮಲಗಿರೋರ ಮೈಯಿಂದ ಕಿತ್ತು ಇನ್ನೊಬ್ರಿಗೆ ಹಾಸ್ತಾರೇನಪ್ಪ?”

ಪೂಜಾರಪ್ಪ ಕತ್ತೆತ್ತಿ ಮರವನ್ನು ನೋಡಿದರು. ಆಮೇಲೆ ಮರಕ್ಕೆ ಕಾವಲು ನಿಂತವರು ಅವರೇ. ಯುಗಾದಿಯ ಹೊತ್ತಿಗೆ ಬೋಳು ಕೊಂಬೆಗಳಲ್ಲಿ ಕೆಂಪು ಚಿಗುರು ಒಡೆದಿತ್ತು. ಹೊಲದ ಬದುಗಳ ಬೇವು ಹಸಿರಾಗಿಯೇ ಇತ್ತು. ಆ ಬದುಗಳ ಬೇವಿನ ಹೂವನ್ನೂ ಈ ವರ್ಷ ಯಾರೂ ಕೀಳಕೂಡದು ಎಂದು ಪೂಜಾರಪ್ಪ ಕೋಲು ಹಿಡಿದು ಕೂತಿದ್ದರು. ಊರೆಲ್ಲ ಬೆಲ್ಲದ ಜೊತೆ ಮೆಂತ್ಯ ಅಗಿದು ಹಬ್ಬ ಮಾಡಿತು.

ಮಗಳು ಮರದ ಕೆಳಗೆ ನಿಂತು, ಕೊಂಬೆ ಕತ್ತರಿಸಿದ ಗುರುತುಗಳನ್ನೂ ತನ್ನ ಕೈಯ ಕಲೆಗಳನ್ನೂ ನೋಡಿಕೊಂಡಳು. “ಅಜ್ಜಿ, ಮರಕ್ಕೂ ಕಲೆ ಉಳ್ಕೊಂಡಿದೆ.”

ಅತ್ತೆ ಅವಳ ತಲೆ ಸವರಿದರು. “ಉಳೀಲಿ ಬುಡವ್ವ. ಇಬ್ರೂ ಎದ್ದು ನಿಂತ್ರಲ್ಲ.”