ಬೂದಿ ಬಣ್ಣದ ಸದ್ದು

ಈ ವಿಷಯಕ್ಕೆ ಹೇಗೆ ಬಂದಿರಿ ಎಂದು ಕೇಳುವವರಿಗಾಗಿ ನಾನೊಂದು ಸುಳ್ಳನ್ನು ಸಿದ್ಧವಾಗಿ ಇಟ್ಟುಕೊಂಡಿದ್ದೇನೆ. ಓದುವ ಕಾಲಕ್ಕೆ ಹಳೆಯ ಪುಸ್ತಕವೊಂದು ಕೈಗೆ ಸಿಕ್ಕಿತು, ಕುತೂಹಲ ಹುಟ್ಟಿತು ಎನ್ನುತ್ತೇನೆ. ಕೇಳಿದವರು ತಲೆದೂಗುತ್ತಾರೆ. ನರರೋಗದ ವೈದ್ಯನಾದವನು ಮೂರ್ಛೆರೋಗ, ಪಾರ್ಶ್ವವಾಯು ನೋಡಿಕೊಂಡು ತೆಪ್ಪಗಿರುವುದು ಬಿಟ್ಟು, ಸದ್ದು ಕೇಳಿದರೆ ಬಣ್ಣ ಕಾಣುವವರನ್ನು, ಅಕ್ಷರ ನೋಡಿದರೆ ನಾಲಿಗೆಗೆ ರುಚಿ ಹತ್ತುವವರನ್ನು ಹುಡುಕಿಕೊಂಡು ಅರ್ಧ ಆಯುಷ್ಯ ಕಳೆದಿದ್ದಾನೆ ಎಂದರೆ ಅಷ್ಟಾದರೂ ಕಾರಣ ಬೇಕಲ್ಲ! ಪುಸ್ತಕ ಸಿಕ್ಕಿದ್ದು ನಿಜ. ಆದರೆ ಅದು ಸಿಕ್ಕುವಷ್ಟರಲ್ಲಿ ನಾನು ಮಾಡಬಾರದ್ದನ್ನು ಮಾಡಿ ಮುಗಿಸಿದ್ದೆ.

ನಮ್ಮ ಮನೆ ಕುಂದಾಪುರದ ಹೊಳೆಬದಿಯಲ್ಲಿತ್ತು. ಅಪ್ಪ ಹಂಚಿನ ಕಾರ್ಖಾನೆಗೆ ದೋಣಿಯಲ್ಲಿ ಜೇಡಿಮಣ್ಣು ಸಾಗಿಸುತ್ತಿದ್ದರು. ನಾವು ಮದ್ರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ, ಅಂದರೆ ಐವತ್ತಾರರಲ್ಲಿ, ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಮೊದಲು ಹಸಿ ಹಂಚು ಒಣಹಾಕುವ ಕೆಲಸ. ಎರಡೇ ವರ್ಷದಲ್ಲಿ ಬಡಿಯುವ ಸಾಲಿಗೆ ಕೂರಿಸಿದರು. ಭಟ್ಟಿಯಿಂದ ಹೊರಗೆ ಬಂದ ಹಂಚನ್ನು ಒಂದೊಂದಾಗಿ ಎತ್ತಿ, ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿ ಬೇರೆ ಮಾಡಬೇಕು. ಠಣ್ ಎಂದರೆ ಒಂದನೇ ನಂಬರು, ಮಂಕಾಗಿ ಕೇಳಿದರೆ ಎರಡನೆಯದು, ಬೊದ್ದೆಂದರೆ ಒಳಗೆ ಬಿರುಕು. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ಸಾಲಿನಲ್ಲಿ ಕೂತ ಹತ್ತು ಹೆಂಗಸರಲ್ಲಿ ಅಕ್ಕನ ಕೈ ಎಲ್ಲರಿಗಿಂತ ಬೇಗ, ತಪ್ಪು ಎಲ್ಲರಿಗಿಂತ ಕಡಿಮೆ. ಹೇಗೆ ಎಂದು ಯಾರೂ ಕೇಳಲಿಲ್ಲ.

ನನಗೆ ಗೊತ್ತಿತ್ತು. ಸಣ್ಣವರಿದ್ದಾಗ ಒಂದು ದಿನ ಅವಳು, “ಶಾಲೆ ಗಂಟಿ ನೀಲಿ, ಅಲ್ದಾ?” ಎಂದಿದ್ದಳು.

“ಗಂಟಿ ಕಂಚಿಂದ್. ನೀಲಿ ಎಲ್ಲಿತ್ತ್ ಮಾರಾಯ್ತಿ?”

“ಗಂಟಿ ಅಲ್ಲ ಮಾರಾಯಾ, ಅದ್ರ್ ಸದ್ದ್.”

ಒಳ್ಳೆಯ ಹಂಚಿನ ಸದ್ದು ಅವಳಿಗೆ ಮಾಗಿದ ಗೇರುಹಣ್ಣಿನ ಹಳದಿ. ಬಿರುಕು ಬಿಟ್ಟದ್ದು ಒಲೆಯ ಬೂದಿ. ಅಮ್ಮನ ದನಿ ಹಸಿರು. ನನ್ನದು ಕುಚ್ಚಲಕ್ಕಿ ಗಂಜಿಯ ತಿಳಿ, ನಸುಗೆಂಪು. ಅವಳು ಹೇಳುತ್ತಿದ್ದಳು, ನಾನು ನಗುತ್ತಿದ್ದೆ. ಇನ್ನೊಬ್ಬರಿಗೆ ಹೇಳುವಂಥ ಸಂಗತಿ ಎಂದು ಇಬ್ಬರಿಗೂ ಅನಿಸಿರಲಿಲ್ಲ.

ಅರವತ್ತೇಳರ ಬೇಸಗೆ. ನಾನು ವೈದ್ಯಕೀಯ ಮೂರನೇ ವರ್ಷ ಮುಗಿಸಿ ರಜೆಗೆ ಬಂದಿದ್ದೆ. ಊರಿನ ಮೊದಲ ಡಾಕ್ಟರು ಆಗಲಿದ್ದ ಮಾಣಿ. ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಬಂದ ಮೂರನೇ ದಿನ ಕಾರ್ಖಾನೆಯಲ್ಲಿ ಗಲಾಟೆಯಾಯಿತು. ಹೊಸ ಭಟ್ಟಿಯ ಹಂಚುಗಳನ್ನು ಅಕ್ಕ ಮುಕ್ಕಾಲುಪಾಲು ಆಚೆ ತಳ್ಳಿಬಿಟ್ಟಿದ್ದಳು. ಮೇಸ್ತ್ರಿ ಓಡಿಬಂದು ತಾನೇ ಬಡಿದು ನೋಡಿದ್ದಾನೆ.

“ಹ್ವಾಯ್, ಎಂತ ಆಯ್ತ್ ನಿಂಗೆ? ಸದ್ದ್ ಸಮಾ ಇತ್ತಲೆ!”

“ಸದ್ದ್ ಸಮಾ ಇತ್ತ್. ಬಣ್ಣ ಸಮಾ ಇಲ್ಲೆ. ಎಲ್ಲ ಬೂದಿ.”

ಹಂಚು ಕೆಂಪಗೆ ಹೊಳೆಯುತ್ತಿತ್ತು. ಹತ್ತು ಜನ ನೋಡಿದರು, ಹತ್ತು ಜನ ಕೇಳಿದರು. ಮೇಸ್ತ್ರಿ ಅವನ್ನೆಲ್ಲ ಒಂದನೇ ನಂಬರಿಗೇ ಸೇರಿಸಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಹೊಳೆಬದಿಗೆಲ್ಲ ಸುದ್ದಿ: ಅವಳ ಮೈಮೇಲೆ ಏನೋ ಬಂದಿದೆ. ಮರುದಿನದಿಂದ ಬಡಿಯುವ ಸಾಲಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ. ಶಿರೂರಿನಿಂದ ಬಂದಿದ್ದ ಸಂಬಂಧ ಸದ್ದಿಲ್ಲದೆ ಹಿಂದೆ ಹೋಯಿತು.

ಅಮ್ಮ ಅವಳನ್ನು ಬ್ರಹ್ಮಾವರದ ಕಡೆ ದೈವದ ಪಾತ್ರಿಯೊಬ್ಬರ ಹತ್ತಿರ ಕರೆದುಕೊಂಡು ಹೋದರು. ಬೈಯುವುದಕ್ಕೆಂದೇ ನಾನೂ ಜೊತೆಗೆ ಹೋದೆ. ಮುದುಕ ಆವೇಶ ಇಳಿದ ಮೇಲೆ ಚಾಪೆಯ ಮೇಲೆ ಕೂತು, ಅಕ್ಕನಿಗೊಂದು ಸೀಯಾಳ ಕೊಡಿಸಿ, ಅವಳ ಮಾತನ್ನೆಲ್ಲ ಕೇಳಿದರು. ಆಮೇಲೆ ಅಮ್ಮನಿಗೆ ಹೇಳಿದ್ದು ಇಷ್ಟೇ: “ಇವ್ಳ್ ಮೇಲೆ ಯಾರೂ ಇಲ್ಲೆ. ಹುಟ್ಟಿದ್ದೇ ಹಾಂಗೆ. ಸುಮ್ನೆ ಮನಿಗೆ ಕರ್ಕಂಡ್ ಹೋಯಿನಿ.”

ಆಹಾ, ಅಲ್ಲಿಗೇ ಬಿಟ್ಟಿದ್ದರೆ! ನನಗೆ ತಡೆಯಲಾಗಲಿಲ್ಲ. ಅಲ್ಪವಿದ್ಯಾ ಮಹಾಗರ್ವಿ ಎಂದು ಸುಮ್ಮನೆ ಹೇಳಿದ್ದಾರೆಯೇ? ದೈವದ ಹೆಸರಿನಲ್ಲಿ ಕಾಯಿಲೆ ಮುಚ್ಚುತ್ತಾರೆ ಎಂದು ಅಮ್ಮನೊಂದಿಗೆ ಜಗಳಾಡಿದೆ, ಅಪ್ಪನೆದುರು ದೊಡ್ಡ ದೊಡ್ಡ ಶಬ್ದ ಬಳಸಿದೆ. ಕೊನೆಗೆ ಅಕ್ಕನೇ, “ತಮ್ಮ ಓದಿದವ. ಅವ ಹೇಳಿದಾಂಗೆ ಆಯ್ಲಿ” ಎಂದು ಸೆರಗು ಸರಿಮಾಡಿಕೊಂಡು ಹೊರಟಳು. ದೂರದ ಊರಿನ ದೊಡ್ಡ ಮನೋರೋಗದ ಆಸ್ಪತ್ರೆ. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಸೀಟು ಕೊಟ್ಟಿದ್ದೆ. ಎಂಜಿನ್ನಿನ ಸದ್ದು ನೇರಳೆ ಬಣ್ಣ ಎಂದು ಅವಳು ಖುಷಿಯಾಗಿ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಡಾಕ್ಟರು ಕೇಳಿದರು, ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಚಿಕ್ಕಂದಿನಿಂದ ಇದೆಯೋ, ಈಗೀಗ ಹೆಚ್ಚಾಗಿದೆಯೋ ಎಂದು ಅವರು ನನ್ನ ಕಡೆ ತಿರುಗಿದರು. ಹೆಚ್ಚಾಗಿರಲಿಲ್ಲ. ಸ್ವಲ್ಪವೂ ಹೆಚ್ಚಾಗಿರಲಿಲ್ಲ. ಆದರೆ ಅಷ್ಟು ದೂರ ಕರೆತಂದ ಮೇಲೆ ಏನೂ ಇಲ್ಲ ಎನಿಸಿಕೊಂಡು ಹಿಂತಿರುಗುವುದು ನನ್ನ ಮರ್ಯಾದೆಯ ಪ್ರಶ್ನೆಯಾಗಿ ಕಂಡಿತು. “ಹೆಚ್ಚಾಗಿದೆ ಸರ್,” ಎಂದೆ. ಅಕ್ಕ ತಟ್ಟನೆ ನನ್ನ ಮುಖ ನೋಡಿದಳು.

ಏಳು ವಾರ ಇಟ್ಟುಕೊಂಡರು. ತಲೆಗೆ ಕರೆಂಟು ಕೊಟ್ಟರು. ಮನೆಗೆ ಬಂದಾಗ ನಮ್ಮ ದನದ ಹೆಸರು ಅವಳಿಗೆ ನೆನಪಿರಲಿಲ್ಲ; ಅಕ್ಕಿ ತೊಳೆಯಲು ಬಾವಿಕಟ್ಟೆಗೆ ಹೋದವಳು ಯಾಕೆ ಬಂದೆ ಎಂದು ಪಾತ್ರೆ ಹಿಡಿದು ನಿಂತುಬಿಡುತ್ತಿದ್ದಳು. “ಬಣ್ಣ ಕಾಣತ್ತಾ ಈಗ?” ಎಂದು ಕೇಳಿದೆ. “ಇಲ್ಲೆ,” ಎಂದಳು. ಅಯ್ಯೋ, ನಾನು ಸಂತೋಷಪಟ್ಟೆ! ಅದನ್ನು ಬರೆಯಲು ಇವತ್ತಿಗೂ ನಾಚಿಕೆಯಾಗುತ್ತದೆ.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಮೇಸ್ತ್ರಿ ನಮ್ಮ ಅಂಗಳಕ್ಕೆ ಬಂದ. ಆ ಭಟ್ಟಿಯ ಹಂಚು ಹೊದಿಸಿದ ಮನೆಗಳಲ್ಲೆಲ್ಲ ಹಂಚು ಪದರ ಪದರವಾಗಿ ಉದುರುತ್ತಿತ್ತಂತೆ. ಮಣ್ಣಿಗೆ ಉಪ್ಪುನೀರು ಸೇರಿತ್ತು. “ನಿನ್ ಮಾತ್ ಕೇಳ್ಕಿತ್ತ್ ಮಾರಾಯ್ತಿ. ನಾಳೆಂದ ಬಾ,” ಎಂದ. ಅಕ್ಕ ಹೋದಳು, ಒಂದು ದಿನ ಸಾಲಿನಲ್ಲಿ ಕೂತು ಬಡಿದಳು, ತನಗೆ ಗೊತ್ತಾಗುವುದಿಲ್ಲ ಎಂದು ಎದ್ದಳು. ಹಂಚು ಹೊರುವ ಕೆಲಸಕ್ಕೆ ಹಾಕಿದರು. ಕಾರ್ಖಾನೆಯಿಂದ ದೋಣಿಗೆ, ತಲೆಯ ಮೇಲೆ ಹಂಚಿನ ಹೊರೆ, ಬೆಳಗಿನಿಂದ ಸಂಜೆಯವರೆಗೆ.

ಎರಡು ವರ್ಷದ ಮೇಲೆ, ಕೊನೆಯ ವರ್ಷದ ಪರೀಕ್ಷೆಗೆ ಓದುವಾಗ, ಲೈಬ್ರರಿಯಲ್ಲಿ ಆ ಪುಸ್ತಕ ಸಿಕ್ಕಿತು. ಒಂದು ಇಂದ್ರಿಯಕ್ಕೆ ತಾಗಿದ್ದು ಇನ್ನೊಂದರಲ್ಲೂ ಏಳುವವರಿದ್ದಾರೆ, ಹುಟ್ಟಿನಿಂದಲೇ ಬರುವಂಥದ್ದು, ಕಾಯಿಲೆಯಲ್ಲ, ಮದ್ದು ಬೇಡ. ಅರ್ಧ ಪುಟ, ಅಷ್ಟೇ. ಸೀಯಾಳ ಕೊಡಿಸಿದ ಮುದುಕ ಎರಡೇ ಮಾತಿನಲ್ಲಿ ಹೇಳಿದ್ದನ್ನು ಇವರು ಅರ್ಧ ಪುಟ ಬರೆದಿದ್ದರು. ಪುಸ್ತಕ ಮುಚ್ಚಿ ಹೊರಗೆ ಬಂದು ಗೋಡೆಗೆ ಒರಗಿ ಅತ್ತೆ. ನರರೋಗ ವಿಭಾಗಕ್ಕೆ ಅರ್ಜಿ ಹಾಕಲು ತೀರ್ಮಾನಿಸಿದ್ದು ಆಗಲೇ. ಅದನ್ನು ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಈಗ ಅಷ್ಟು ಖಾತ್ರಿಯಿಲ್ಲ.

ಎಪ್ಪತ್ತೆರಡರಲ್ಲಿ, ತರಬೇತಿಯ ನಡುವೆ, ಶ್ರುತಿಕವೆಗಳ ಪೆಟ್ಟಿಗೆ ಹಿಡಿದು ಮನೆಗೆ ಬಂದೆ. ಕವೆಯನ್ನು ಬಡಿದು ಕಿವಿಯ ಹತ್ತಿರ ಹಿಡಿದರೆ ಒಂದೇ ಸ್ವರ ಬರುತ್ತದೆ. ಅಕ್ಕನನ್ನು ಚಾವಡಿಯಲ್ಲಿ ಕೂರಿಸಿ ಒಂದೊಂದಾಗಿ ಕೇಳಿಸಿದೆ. ಎಲ್ಲದಕ್ಕೂ ಒಂದೇ ಉತ್ತರ: “ಎಂತದೂ ಇಲ್ಲೆ.” ನಾನು ನೋಟು ಪುಸ್ತಕದಲ್ಲಿ ಬರೆದುಕೊಂಡೆ: ಚಿಕಿತ್ಸೆಯ ನಂತರ ಪೂರ್ತಿ ನಷ್ಟ. ಹಾಳು ಮಾಡಿದ್ದು ನಾನೇ ಎಂಬುದು ಗೊತ್ತಿತ್ತು. ಜೊತೆಗೆ, ಸುಳ್ಳೇಕೆ ಹೇಳಲಿ, ಇದೊಂದು ಅಪರೂಪದ ಪ್ರಕರಣ ಎಂಬ ಸಣ್ಣ ಆಸೆಯೂ ಇತ್ತು.

ಮರುದಿನ ಇಬ್ಬರೂ ವಂಡ್ಸೆಯ ಅತ್ತೆಯ ಮನೆಗೆ ಹೋದೆವು. ಹಿಂತಿರುಗುವಾಗ ಬಸ್ಸಿಗೆ ಹೊತ್ತಿತ್ತು. ರಸ್ತೆಬದಿಯಲ್ಲಿ ಒಬ್ಬಳು ಮಣ್ಣಿನ ಮಡಕೆ ಹರವಿಕೊಂಡು ಕೂತಿದ್ದಳು. ಮೀನುಸಾರಿಗೊಂದು ಬೇಕು ಎಂದು ಅಕ್ಕ ಬಗ್ಗಿದಳು. ಮಡಕೆಯನ್ನು ಬಡಿದು ನೋಡದೆ ನಮ್ಮ ಕಡೆ ಯಾರೂ ಕೊಳ್ಳುವುದಿಲ್ಲ. ಅವಳೂ ಗೆಣ್ಣಿನಿಂದ ಬಡಿದಳು. ಒಂದು, ಎರಡು. ಮೂರನೆಯದನ್ನು ಬಡಿದು ತಕ್ಷಣ ಕೆಳಗಿಟ್ಟಳು.

“ಇದ್ ಬೇಡ. ಬೂದಿ.”

ಹೇಳಿದವಳೇ ತುಟಿ ಕಚ್ಚಿಕೊಂಡಳು.

ಐದು ವರ್ಷ! ಐದು ವರ್ಷ ಅವಳು ತಲೆಯ ಮೇಲೆ ಹಂಚು ಹೊತ್ತಿದ್ದಳು. ಬಡಿಯುವ ಸಾಲಿನಲ್ಲಿ ಕೂತರೆ ಎಲ್ಲಿ ಬಾಯಿತಪ್ಪಿ ಬಣ್ಣದ ಮಾತು ಹೊರಬಿದ್ದೀತು, ತಮ್ಮನ ಕಿವಿಗೆ ಬಿದ್ದೀತು ಎಂದು ಹೊತ್ತಿದ್ದಳು. ಅವಳು ಹೆದರಿದ್ದು ಆಸ್ಪತ್ರೆಗಲ್ಲ, ನನಗೆ.

ಬಸ್ಸು ಬಂತು. ಅವಳಿಗೆ ಕಿಟಕಿಯ ಸೀಟು ಬಿಟ್ಟೆ. ಅವಳು ಕೊಂಡ ಬೇರೊಂದು ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ಹೊರಗೆ ನೋಡುತ್ತಾ ಕೂತಳು. ವಂಡ್ಸೆ ದಾಟಿದ ಮೇಲೆ ಕೇಳಿದೆ.

“ಅಕ್ಕಾ, ಕಾಣತ್ತಾ?”

“ಕಾಣತ್ತ್. ಎರಡ್ ತಿಂಗ್ಳ್ ಇರ್ಲಿಲ್ಲೆ. ಮತ್ತೆ ಬಂತ್.”

“ನಂಗೊಂದ್ ಮಾತ್ ಹೇಳುಕಾಗ್ಲಿಲ್ಯಾ?”

ಹಿಂದೆ ಹೇಳಿ ಏನಾಯಿತು ಎಂಬುದು ಇಬ್ಬರಿಗೂ ಗೊತ್ತಿತ್ತು. ನಾನು ಇನ್ನೊಂದು ಕೇಳಿದೆ. ಕೇಳದೆ ಇರಲಾಗಲಿಲ್ಲ.

“ನನ್ ದನಿ ಈಗ ಎಂತಾ ಬಣ್ಣ?”

ಆಗ ಅವಳು ತಿರುಗಿದಳು. ಆಸ್ಪತ್ರೆಯಲ್ಲಿ ನೋಡಿದ್ದ ಅದೇ ನೋಟ.

“ನೀ ಡಾಕ್ಟ್ರಾಗಿ ಕೇಂತಿದ್ಯಾ, ತಮ್ಮ ಆಗಿ ಕೇಂತಿದ್ಯಾ?”

“ತಮ್ಮ ಆಗಿ.”

“ಹಂಗಾರೆ ಆ ಪುಸ್ತಕ ಒಳ್ಗಿಡ್.”

ಕೆಳಗೆ ನೋಡಿದೆ. ನೋಟು ಪುಸ್ತಕ ನನ್ನ ತೊಡೆಯ ಮೇಲೆ ತೆರೆದಿತ್ತು, ಪೆನ್ನಿನ ಮುಚ್ಚಳ ಹಲ್ಲಿನಲ್ಲಿತ್ತು. ಯಾವಾಗ ತೆಗೆದೆನೋ ನನಗೇ ತಿಳಿದಿರಲಿಲ್ಲ. ಮುಚ್ಚಿ ಚೀಲಕ್ಕೆ ಹಾಕಿದೆ. ಹಿಂದಿನ ದಿನ ಬರೆದದ್ದನ್ನು ತಿದ್ದಲಿಲ್ಲ. ಅಲ್ಲಿ ಈಗಲೂ ಪೂರ್ತಿ ನಷ್ಟ ಎಂದೇ ಇದೆ.

ಕುಂದಾಪುರ ಬರುವವರೆಗೂ ಕಾದೆ. ಅವಳು ಹೇಳಲಿಲ್ಲ.