ಎಫುಲಾನ್ಸಿ ಕಟ್ಟದ ಗಂಟುಗಳು

ನ್ದೇಬಾದ ನಮ್ಮ ವಠಾರದಲ್ಲಿ ಯಾರೇ ಮನೆ ಖಾಲಿ ಮಾಡಲಿ, ಅವರ ಗಂಟುಮೂಟೆ ಕಟ್ಟಿಕೊಡುವವಳು ಎಫುಲಾನ್ಸಿ. ಎಂಟು ಕೋಣೆಗಳ ಸಾಲಿನಲ್ಲಿ ಕಟ್ಟಕಡೆಯದು ಅವಳದು. ಬೆಳಿಗ್ಗೆ ಕಡಲೆಬೀಜ ಹುರಿದು ಟ್ಯಾಕ್ಸಿ ನಿಲ್ದಾಣದಲ್ಲಿ ಮಾರುತ್ತಾಳೆ, ಬಂದ ಮೇಲೆ ಮೆಟ್ಟಿಲ ಮೇಲೆ ಕುಳಿತು ಬಾಳೆನಾರಿನ ಹಗ್ಗ ಹೊಸೆಯುತ್ತಾಳೆ. ವಠಾರಕ್ಕೆಲ್ಲ ಅವಳು ಜಾಜಾ, ಎಲ್ಲರ ಅಜ್ಜಿ. ಪಾತ್ರೆಗಳನ್ನು ಒಂದರೊಳಗೊಂದು ಕೂರಿಸಿ, ನಡುವೆ ಒಣ ಬಾಳೆಲೆ ತುರುಕಿ ಅವಳು ಬಿಗಿದ ಗಂಟು ದೂರದ ಮಸಾಕಾದವರೆಗೆ ಹೋದರೂ ಸಡಿಲವಾಗುವುದಿಲ್ಲ. ಕೂಲಿ ಮಾತ್ರ ಕೇಳುವುದಿಲ್ಲ. ನನಗೆ ಮೊದಲು ಅನುಮಾನ ಹುಟ್ಟಿದ್ದೇ ಅದರಿಂದ. ಈ ಊರಿನಲ್ಲಿ ಪುಕ್ಕಟೆಗೆ ಯಾರು ಬೆನ್ನು ಬಗ್ಗಿಸುತ್ತಾರೆ?

ಎರಡನೆಯ ಅನುಮಾನ ತಲೆಗೆ ತುಂಬಿದವಳು ಎದುರು ಕೋಣೆಯ ಪೆರೆಪೆಟುವಾ.

"ಅವಳು ಕಟ್ಟಿದ ಸಾಮಾನಲ್ಲಿ ಒಂದಾದ್ರೂ ಕಡಿಮೆ ಇರ್ತದೆ, ನೋಡ್ಕೋ. ಬೊಸ್ಕೊ ಮನೆಯವರ ಸೌಟು ಹೋಯ್ತು. ಆ ನರ್ಸಮ್ಮನ ಪಾತ್ರೆ ಮುಚ್ಚಳ ಹೋಯ್ತು. ದೊಡ್ಡದೇನೂ ಮುಟ್ಟಲ್ಲ. ಸಣ್ಣದು, ದಿನಾ ಕೈಯಾಡಿದ್ದು. ಅಂಥದ್ದು ಯಾತಕ್ಕೆ ಬೇಕಾಗ್ತದೆ ಅಂತ ಓದಿದವಳಿಗೆ ನಾನು ಹೇಳಬೇಕಾ?"

ನಾನು ಓದಿದವಳು ಹೌದು. ಮಾಟಮಂತ್ರ ನಂಬುವುದಿಲ್ಲ ಎಂದು ನಾಲ್ಕು ಜನರೆದುರು ಹೇಳುತ್ತೇನೆ. ಆದರೆ ಐದು ತಿಂಗಳ ಕೂಸನ್ನು ಬೆನ್ನಿಗೆ ಕಟ್ಟಿಕೊಂಡವಳು ನಂಬದೆಯೂ ಹೆದರಬಹುದು. ಹಾಗಾಗಿ ಕ್ಯೆಂಗೇರಾದಲ್ಲಿ ಎರಡು ಕೋಣೆಯ ಮನೆ ಸಿಕ್ಕಿದಾಗ, ನಮ್ಮ ಸಾಮಾನು ನಾನೇ ಕಟ್ಟುತ್ತೇನೆ, ಯಾರೂ ಕೈ ಹಚ್ಚುವುದು ಬೇಡ ಎಂದು ಗಂಡ ಮುಬಿರುಗೆ ಹೇಳಿಬಿಟ್ಟೆ.

"ಜಾಜಾ ಒಂದು ಗಂಟೇಲಿ ಮುಗಿಸ್ತಾಳೆ. ನೀನು ಮೂರು ದಿನ ತಗೊಳ್ತೀಯ."

"ತಗೊಳ್ತೀನಿ ಬಿಡು."

ಆ ಸಾಮಾನಿನಲ್ಲಿ ನನ್ನ ಜೀವವಿದ್ದದ್ದು ಒಂದರ ಮೇಲೆ ಮಾತ್ರ. ಅದು ಮಗುವಿನ ಮುಲೊಂಗೊ. ಹುಟ್ಟಿದ ಆರನೇ ದಿನ ಉದುರಿದ ಹೊಕ್ಕುಳಬಳ್ಳಿಯ ತುಣುಕು. ಮರದ ತೊಗಟೆ ಬಡಿದು ಮಾಡಿದ ಬಟ್ಟೆಯ ಚೂರಿನಲ್ಲಿ ಸುತ್ತಿ, ಹಾಲಿನ ಪುಡಿಯ ಡಬ್ಬಿಯಲ್ಲಿ ಕಾಪಾಡಿಕೊಂಡು ಬಂದಿದ್ದೆ. ಆ ಶನಿವಾರ ಮುಬಿರುವಿನ ಊರಲ್ಲಿ ಮಗಳಿಗೆ ಕುಲದ ಹೆಸರಿಡುವವರಿದ್ದರು. ಹಾಲು ನೀರು ಬೆರೆಸಿದ ಬೋಗುಣಿಗೆ ಮುಲೊಂಗೊ ಬಿಡುತ್ತಾರೆ. ತೇಲಿದರೆ ಮಗು ಆ ಕುಲದ್ದು. ಮುಳುಗಿದರೆ ಬೇರೆಯವರದ್ದು, ತಾಯಿ ಮತ್ತೆ ತಲೆ ಎತ್ತುವಂತಿಲ್ಲ. ತರದೇ ಹೋದರೆ ಇನ್ನೂ ಕೆಟ್ಟದು, ಮುಳುಗುತ್ತದೆಂದು ಗೊತ್ತಿದ್ದೇ ಬಚ್ಚಿಟ್ಟಳು ಅನ್ನುತ್ತಾರೆ. ನನ್ನ ಅತ್ತೆಗಂತೂ ಅಷ್ಟು ಸಾಕು. ಮಗುವನ್ನು ಮೊದಲ ಸಲ ಎತ್ತಿಕೊಂಡಾಗಲೇ ಅವರು, "ಈ ಮೂಗು ನಮ್ಮ ಕಡೇದಲ್ಲ," ಎಂದಿದ್ದರು.

ಗುರುವಾರ ಮಧ್ಯಾಹ್ನ ಎರಡಕ್ಕೆ ಪಿಕಪ್ ಗಾಡಿ ಬರುವುದಿತ್ತು. ಬೆಳಿಗ್ಗೆಯಿಂದ ಬಾಗಿಲು ಮುಂದೆ ಮಾಡಿಕೊಂಡು ಕಟ್ಟುತ್ತಿದ್ದೆ. ಹತ್ತು ಗಂಟೆಯ ಹೊತ್ತಿಗೆ ಬಾಗಿಲ ಸಂದಿಯಲ್ಲಿ ಎಫುಲಾನ್ಸಿಯ ಮುಖ ಕಂಡಿತು.

"ಮಾಮ ಕ್ವಾಗಲ, ನನ್ನನ್ನ ಕರೀಲೇ ಇಲ್ಲ?" ಮಗಳನ್ನು ಮುದ್ದಿಗೆ ಕ್ವಾಗಲ ಎನ್ನುತ್ತಿದ್ದೆವು, ಹಾಗಾಗಿ ವಠಾರಕ್ಕೆ ನಾನು ಕ್ವಾಗಲಳ ಅಮ್ಮ.

"ಸ್ವಲ್ಪ ಸಾಮಾನು ಜಾಜಾ. ನಿಮಗ್ಯಾಕೆ ತೊಂದರೆ?"

ಅವಳ ಕಣ್ಣು ಕೋಣೆಯ ನಾಲ್ಕೂ ಮೂಲೆ ಸುತ್ತಿ ಬಂತು. "ಶನಿವಾರ ಹೆಸರಿಡ್ತಾರಂತೆ. ಮುಲೊಂಗೊ ಎಲ್ಲಿಟ್ಟಿದ್ದೀಯ? ಅದಕ್ಕೆ ತುಪ್ಪ ಕುಡಿಸಿದ್ದೀಯ ತಾನೆ?"

ಪಾತ್ರೆ ಎಷ್ಟು, ಚಾಪೆ ಎಷ್ಟು ಎಂದು ಕೇಳಿದ್ದರೆ ಸರಿ. ಇವಳಿಗೆ ನೇರ ಅದೇ ಏಕೆ ಬೇಕು? "ಎಲ್ಲ ಆಗಿದೆ ಜಾಜಾ," ಎಂದು ಬಾಗಿಲು ಮುಚ್ಚಿದೆ.

ಅವಳು ಹೋದ ಮೇಲೆ ಡಬ್ಬಿ ತೆಗೆದು ನೋಡಿದೆ. ತುಣುಕು ಒಣಗಿ, ಅಂಚು ಪುಡಿಯಾಗುತ್ತಿತ್ತು. ಅವಳ ಮಾತು ಕೇಳಬಾರದೆಂದುಕೊಂಡೇ ಅದನ್ನು ಅಡುಗೆ ಮೂಲೆಗೆ ಒಯ್ದೆ. ಅಷ್ಟರಲ್ಲಿ ಮಗು ನನ್ನ ಬೆನ್ನ ಮೇಲೆಲ್ಲ ಕಕ್ಕಿತು. ಮಗುವನ್ನು ತೊಳೆದು, ನನ್ನನ್ನು ತೊಳೆದುಕೊಂಡು, ಬಟ್ಟೆಯ ಗಂಟು ಬಿಚ್ಚಿ ಒಣ ಬಟ್ಟೆ ಹುಡುಕಿ, ಮತ್ತೆ ಕಟ್ಟುವಾಗ ಬೆವರು ಇಳಿಯುತ್ತಿತ್ತು.

ಹನ್ನೆರಡಕ್ಕೆ ಎಫುಲಾನ್ಸಿ ಮತ್ತೆ ಬಂದಳು, ಕೈಯಲ್ಲಿ ನಾರಿನ ಸುರುಳಿ. "ಆ ಪ್ಲಾಸ್ಟಿಕ್ ಹಗ್ಗ ಜಾರ್ತದೆ ಮಗಳೇ. ಇದು ತಗೋ."

ಬರಿಗೈಯಲ್ಲಿ ಕಳಿಸಿದರೆ ಮತ್ತೆ ಬರುತ್ತಾಳೆ, ಏನಾದರೂ ಕೊಟ್ಟರೆ ಹೋಗುತ್ತಾಳೆ ಎನಿಸಿತು. ಹೇಗೂ ಮನೆ ಬಿಡುವಾಗ ಉಳಿದ ಅಡುಗೆ ಸಾಮಾನನ್ನು ನೆರೆಯವರಿಗೆ ಕೊಡುವುದು ವಾಡಿಕೆ. ಅರ್ಧ ಚೀಲ ಇದ್ದಿಲು, ಉಪ್ಪು, ಒಂದು ಚಿಪ್ಪು ಮಟೋಕೆ ಬಾಳೆಕಾಯಿ, ತುಪ್ಪದ ಲೋಟ, ಎಲ್ಲವನ್ನೂ ಅವಳ ಕೈಗೆ ತುರುಕಿದೆ.

"ತುಪ್ಪಾನೂ ನನಗೇನಾ? ಶನಿವಾರಕ್ಕೆ ಬೇಡ್ವಾ?"

"ಊರಲ್ಲಿ ಇರುತ್ತೆ. ತಗೊಳ್ಳಿ."

ಒಂದೂವರೆಗೆ, ಕೊನೆಯದಾಗಿ, ಡಬ್ಬಿಯನ್ನು ಎದೆಗವಚಿಕೊಂಡೇ ಗಾಡಿಯಲ್ಲಿ ಕೂರಬೇಕೆಂದು ತೆಗೆದು ನೋಡಿದೆ. ತೊಗಟೆ ಬಟ್ಟೆ ಇತ್ತು. ಒಳಗೆ ಏನೂ ಇರಲಿಲ್ಲ.

ಎಲ್ಲ ಗಂಟು ಬಿಚ್ಚಿದೆ. ದಿಂಬಿನ ಹತ್ತಿ ಕಿತ್ತೆ, ಹಿಟ್ಟು ಸುರಿದೆ. ಸದ್ದಿಗೆ ಪೆರೆಪೆಟುವಾ ಓಡಿಬಂದಳು. ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟಳು.

"ಸೌಟು ಆಯ್ತು, ಮುಚ್ಚಳ ಆಯ್ತು, ಈಗ ಇದು. ಎಷ್ಟು ಸಲ ಬಂದಿದ್ಲು?"

"ಎರಡು ಸಲ."

"ನಡಿ."

ನಮ್ಮಲ್ಲಿ ಹಿರಿಯರ ಮನೆಗೆ ಹೋದರೆ ಹೆಂಗಸರು ಮೊದಲು ಮಂಡಿಯೂರಿ ಯೋಗಕ್ಷೇಮ ಕೇಳಬೇಕು. ನಾನು ನಿಂತೇ ಇದ್ದೆ. ಎಫುಲಾನ್ಸಿ ಇದ್ದಿಲ ಒಲೆಯ ಮೇಲೆ ಅವರೆಕಾಳು ಬೇಯಿಸುತ್ತಿದ್ದಳು. ಗಟ್ಟಿಯಾಗಿದ್ದ ತುಪ್ಪ ಕರಗಲೆಂದು ಲೋಟವನ್ನು ಒಲೆಯ ಅಂಚಿಗಿಟ್ಟಿದ್ದಳು.

"ಜಾಜಾ, ನನ್ನ ಮಗುವಿನ ಮುಲೊಂಗೊ ಕಾಣ್ತಿಲ್ಲ. ನಿಮ್ಮ ಸಾಮಾನು ನೋಡಬೇಕು."

ಅವಳು ನನ್ನ ಮಂಡಿ ನೋಡಿದಳು, ಆಮೇಲೆ ಮುಖ. ಮಂಚದ ಕೆಳಗಿಂದ ಬುಟ್ಟಿ ಎಳೆದು ಸುರಿದಳು. ಸೌಟು, ಮುಚ್ಚಳ, ಒಂಟಿ ಚಪ್ಪಲಿ, ಗಾಜಿಲ್ಲದ ಕನ್ನಡಕ.

"ಅಗೋ, ಬೊಸ್ಕೊ ಸೌಟು," ಎಂದಳು ಪೆರೆಪೆಟುವಾ.

"ಬೊಸ್ಕೊ ಸೌಟೇ. ಗೋಡೆ ಮೊಳೇಲಿ ಮರೆತು ಹೋಗಿದ್ದ. ಬಂದು ಕೇಳ್ತಾನೆ ಅಂತ ಎರಡು ವರ್ಷದಿಂದ ಇಟ್ಟಿದ್ದೀನಿ. ನಿನಗೆ ಬೇಕಾ? ನಾಲಿಗೆ ತಿರುವೋಕೆ ಆಗ್ತದೆ."

ಅವಳು ಸೊಂಟದ ಪಟ್ಟಿ ಬಿಚ್ಚಿ ಕೊಡವಿದಳು. ಕಡಲೆ ಸಿಪ್ಪೆ ಉದುರಿತು. ನನಗೆ ಇನ್ನೂ ನಂಬಿಕೆ ಬರಲಿಲ್ಲ. ಹಾಸಿಗೆ ಎತ್ತಿ ನೋಡಲೇ ಎಂದುಕೊಳ್ಳುತ್ತಿದ್ದೆ. ಅವಳು ಸಾಕಾಯಿತೆಂಬಂತೆ ತಿರುಗಿ, ಕಾಳಿಗೆ ತುಪ್ಪ ಸುರಿಯಲು ಲೋಟ ಎತ್ತಿದಳು. ಬಗ್ಗಿಸಿದ ಕೈ ಹಾಗೇ ನಿಂತಿತು.

"ಇದೇನು ತೇಲ್ತಿರೋದು ನನ್ನ ತುಪ್ಪದಲ್ಲಿ?"

ಕರಗಿದ ತುಪ್ಪದ ಮೇಲೆ, ಕಪ್ಪಗೆ, ನನ್ನ ಕಿರುಬೆರಳ ಉಗುರಿಗಿಂತ ಸ್ವಲ್ಪ ಉದ್ದಕ್ಕೆ. ಅಡುಗೆ ಮೂಲೆ, ಲೋಟ, ಸ್ವಲ್ಪ ಹೊತ್ತು ನೆನೆಯಲಿ ಎಂದು ಅದನ್ನು ಒಳಗೆ ಒತ್ತಿದ ನನ್ನದೇ ಬೆರಳು, ಬೆನ್ನ ಮೇಲೆ ಮಗುವಿನ ವಾಂತಿ, ಎಲ್ಲ ಒಟ್ಟಿಗೆ ನೆನಪಾಯಿತು. ಕದ್ದಳೆಂದು ಹುಡುಕಲು ಬಂದದ್ದನ್ನು ನಾನೇ ಅವಳ ಕೈಗೆ ತುರುಕಿದ್ದೆ.

"ನನ್ನ ಒಲೆ ಮೇಲೆ ಹಾಲಿದೆ," ಎಂದು ಪೆರೆಪೆಟುವಾ ಜಾರಿಕೊಂಡಳು.

ನಾನು ಮಂಡಿಯೂರಿದೆ.

"ಏಳು. ಬೆನ್ನ ಮೇಲೆ ಮಗು ಮುದುಡ್ಕೊಳ್ತದೆ," ಎಂದಳು ಎಫುಲಾನ್ಸಿ. ಚಮಚದಲ್ಲಿ ಅದನ್ನು ಎತ್ತಿ, ನೋಡಿ, ಮತ್ತೆ ತುಪ್ಪಕ್ಕೇ ಬಿಟ್ಟಳು. "ನನ್ನ ಮಗಳದ್ದು ಮುಳುಗಿತ್ತು. ಒಣಗಿದ್ದು ನೀರು ಕುಡೀತದೆ, ಮುಳುಗ್ತದೆ. ತುಪ್ಪ ಕುಡಿದದ್ದು ನೀರು ಕುಡಿಯಲ್ಲ. ಹೇಳಿಕೊಡೋಕೆ ನನಗೆ ಅಮ್ಮ ಇರಲಿಲ್ಲ. ಅತ್ತೆಗೆ ಗೊತ್ತಿತ್ತು, ಹೇಳಲಿಲ್ಲ. ಅವತ್ತೇ ಹೊರಡು ಅಂದ್ರು. ನನ್ನ ಸಾಮಾನು ನಾನೇ ಕಟ್ಕೊಂಡೆ. ಬಿಗಿಯೋಕೆ ಬರ್ತಿರಲಿಲ್ಲ. ಬಾವಿ ಹತ್ತಿರ ಬರೋಷ್ಟರಲ್ಲಿ ಗಂಟು ಬಿಚ್ಚಿ, ಪಾತ್ರೆ ಬಟ್ಟೆ ಎಲ್ಲ ದಾರಿ ತುಂಬ. ಊರವರು ನೋಡ್ತಾ ನಿಂತಿದ್ರು. ಒಬ್ಬರೂ ಎತ್ತಿಕೊಡಲಿಲ್ಲ."

"ಮಗಳು?" ಎಂದೆ.

"ಮ್ಬರಾರಾದಲ್ಲಿ ಟೀಚರು. ಮೂಗು ಥೇಟ್ ಅವರಪ್ಪಂದೇ."

ಹೊರಗೆ ಗಾಡಿಯ ಹಾರ್ನ್ ಕೇಳಿತು. ಎಫುಲಾನ್ಸಿ ನಾರಿನ ಸುರುಳಿ ಹೆಗಲಿಗೆ ಹಾಕಿಕೊಂಡು ನನಗಿಂತ ಮುಂದೆ ನಡೆದಳು. ನಾನು ಬಿಚ್ಚಿ ಹರಡಿದ್ದನ್ನೆಲ್ಲ ಅರ್ಧ ಗಂಟೆಯಲ್ಲಿ ಕಟ್ಟಿ ಮುಗಿಸಿದಳು. ಗಾಡಿಯ ಜೊತೆ ಬಂದಿದ್ದ ಮುಬಿರು ನನ್ನ ಕಡೆ ನೋಡಿ ನಕ್ಕ. ಕೊನೆಗೆ ಲೋಟವನ್ನು ತುಪ್ಪದ ಸಮೇತ ಬಟ್ಟೆಯಲ್ಲಿ ಬಿಗಿದು ನನ್ನ ಮಡಿಲಿಗಿಟ್ಟಳು. "ಇದನ್ನ ಯಾರಿಗೂ ದಾನ ಮಾಡಬೇಡ."

ಕ್ಯೆಂಗೇರಾದಲ್ಲಿ ಗಂಟುಗಳನ್ನು ಬಿಚ್ಚಿ ಎಣಿಸಿದೆ. ನಾಚಿಕೆಯಾಯಿತು, ಆದರೂ ಎಣಿಸಿದೆ. ಒಂದು ಚಮಚವೂ ಕಡಿಮೆ ಇರಲಿಲ್ಲ. ಆದರೂ ಒಂದು ಅನುಮಾನ ಉಳಿದುಕೊಂಡಿತು. "ತುಪ್ಪಾನೂ ನನಗೇನಾ?" ಎಂದು ಕೇಳಿದಾಗ ಲೋಟದಲ್ಲಿ ಅದಿದೆಯೆಂದು ಅವಳಿಗೆ ಗೊತ್ತಿತ್ತೇ? ಬೇಕೆಂದೇ ಕಾದಳೇ? ಈವರೆಗೆ ಕೇಳುವ ಧೈರ್ಯವಾಗಿಲ್ಲ.

ಶನಿವಾರ ಮುಲೊಂಗೊ ಬೋಗುಣಿಯಲ್ಲಿ ಬಾತುಮರಿಯಂತೆ ತೇಲಿತು. ಹೆಂಗಸರು ನಾಲಿಗೆ ಹೊರಳಿಸಿ ಹರ್ಷದ ಕೂಗೆಬ್ಬಿಸಿದರು, ಮಗಳು ಕುಲದ ಹೆಸರು ಪಡೆದು ನಾಮುಬಿರು ಆದಳು. ಅತ್ತೆ ಮಾತ್ರ ಬೋಗುಣಿಯ ಮೇಲೆ ಬಗ್ಗಿ, ಬೆರಳು ಅದ್ದಿ ಮೂಸಿದರು.

"ಇಷ್ಟು ತುಪ್ಪ ಹಾಕೋಕೆ ನಿನಗೆ ಯಾರು ಹೇಳಿಕೊಟ್ರು?"

"ನಮ್ಮ ಜಾಜಾ, ಅತ್ತೆ."

"ನಿಮ್ಮ ಜಾಜಾ ನಿನ್ನ ಮದುವೆಗೆ ಮೊದಲೇ ತೀರಿಕೊಂಡಿದ್ರಲ್ಲ."

"ಹೌದು ಅತ್ತೆ," ಎಂದೆ. ಅವರ ನೋಟ ನನ್ನ ಮೇಲೇ ಇತ್ತು. ನಾನು ನಾಮುಬಿರುವನ್ನು ಬೆನ್ನಿಗೇರಿಸಿ ಬಟ್ಟೆಯ ಗಂಟು ಬಿಗಿದುಕೊಂಡೆ.